ಮುಗಿದ ಕಥೆ ಅಲ್ವಾ ಎಂದು ಕೇಳಿದವರಿಗೆ

ಕಾಸರಗೋಡಿನವಳು ಎಂದ ಕೂಡಲೇ ನೀವು ಕೇಳಿದಿರಿ: "ಆ ಎಂಡೋಸಲ್ಫಾನ್ ಊರಾ? ಅದೆಲ್ಲ ಈಗ ಮುಗಿದಿರಬೇಕಲ್ವಾ?" ಕ್ಲಾಸಿಗೆ ಹೊತ್ತಾಗಿತ್ತು, ಹೂಂ ಎಂದುಬಿಟ್ಟೆ. ಸುಳ್ಳು ಹೇಳಿದೆ. ಎಂಡೋಸಲ್ಫಾನ್ ಎಂಬ ಆ ಕೀಟನಾಶಕದ ಕಥೆಯನ್ನು ಈಗ ಸರಿಯಾಗಿ ಹೇಳುತ್ತೇನೆ.

ನಮ್ಮದು ಎಣ್ಮಕಜೆ ಪಂಚಾಯತಿನ ಕಡೆ. ಪಡ್ರೆ, ವಾಣಿನಗರ, ಸ್ವರ್ಗ ಎಲ್ಲ ಅಲ್ಲೇ. ಹೌದು, ಸ್ವರ್ಗ ಎಂಬ ಊರು ನಿಜವಾಗಿಯೂ ಇದೆ, ನಗಬೇಡಿ. ಮನೆಯಲ್ಲಿ ತುಳುವೋ ಕನ್ನಡವೋ, ಆಫೀಸಿನಲ್ಲಿ ಮಲಯಾಳ, ಕಾಯಿಲೆ ಜೋರಾದರೆ ಮಂಗಳೂರು. 2020ರ ಲಾಕ್‌ಡೌನಿನಲ್ಲಿ ಗಡಿಯ ತಲಪಾಡಿಯಲ್ಲಿ ಮಂಗಳೂರಿನ ರಸ್ತೆ ಮುಚ್ಚಿದಾಗ ಈ ಕೊನೆಯ ಮಾತಿನ ಅರ್ಥ ಎಲ್ಲರಿಗೂ ಗೊತ್ತಾಯಿತು.

ನೀರಿನ ವಿಷಯ ಹೇಳಲೇಬೇಕು. ನಮ್ಮಲ್ಲಿ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆಯುತ್ತಾರೆ. ಒಳಗೆ ಒಸರುವ ನೀರು ತಾನಾಗಿ ಹರಿದು ಹೊರಗಿನ ಕೆರೆಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಗುಡ್ಡದ ತಲೆಯ ಮೇಲೆ ಗೇರುತೋಟ, ಕೆಳಗೆ ಕುಡಿಯುವ ನೀರು. ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸಿದ್ದು ಈ ತೋಟಗಳಿಗೆ. ಗೇರಿನ ಚಿಗುರು, ಹೂವು ಹೀರುವ ಟೀ ಸೊಳ್ಳೆ ಎಂಬ ಕೀಟ ಸಾಯಬೇಕಿತ್ತು. ಬಾವಿ ಮುಚ್ಚಿಡಿ ಎಂದು ಹೇಳುತ್ತಿದ್ದರಂತೆ. ಬಾವಿಯನ್ನೇನೋ ಮುಚ್ಚಬಹುದು. ಹರಿಯುವ ನೀರಿಗೆ ಯಾವ ಮುಚ್ಚಳ ಹಾಕುವುದು?

ಎಚ್ಚರಿಕೆ ಮೊದಲೇ ಇತ್ತು. ಕರುಗಳು ಕೈಕಾಲು ಸೊಟ್ಟಗಾಗಿ ಹುಟ್ಟುವುದನ್ನು ಪತ್ರಕರ್ತ ಶ್ರೀ ಪಡ್ರೆ ಬರೆದಿದ್ದರು. ಒಂದೇ ಊರಿನಲ್ಲಿ ಇಷ್ಟೊಂದು ವಿಚಿತ್ರ ಕಾಯಿಲೆ ಯಾಕೆ ಎಂದು ವೈದ್ಯ ಮೋಹನ ಕುಮಾರ್ ಕೇಳುತ್ತಲೇ ಇದ್ದರು. ಆ ಕಡೆ ಪೆರಿಯದಲ್ಲಿ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. ಆಗ ಅವರೇ ಕೃಷಿ ಇಲಾಖೆಯ ನೌಕರರಾಗಿದ್ದರು, ನೆನಪಿರಲಿ. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲೇ ಎಂಡೋಸಲ್ಫಾನಿಗೆ ತಡೆ ಹಾಕಿತು. ನೀವು ಓದಿದ ಸುದ್ದಿ ಬಹುಶಃ ಅಲ್ಲಿಗೆ ಮುಗಿಯುತ್ತದೆ.

ನಮ್ಮ ಕಡೆ ಅಲ್ಲಿಂದ ಮುಂದಿನದು ಪಟ್ಟಿಯ ಕಥೆ. ಸಂತ್ರಸ್ತರಿಗೆ 5 ಲಕ್ಷ ಕೊಡಿ ಎಂದು 2017ರ ಜನವರಿಯಲ್ಲಿ ಕೋರ್ಟು ಹೇಳಿತು. ಸಂತ್ರಸ್ತರು ಯಾರು? ಅದೇ ವರ್ಷ ಏಪ್ರಿಲ್ಲಿನ ವೈದ್ಯಕೀಯ ಕ್ಯಾಂಪಿನಲ್ಲಿ 1905 ಜನರನ್ನು ಗುರುತಿಸಿದರು. ಅಂತಿಮ ಪಟ್ಟಿ ಬಂದಾಗ ಉಳಿದದ್ದು 287. ಗಲಾಟೆಯಾದ ಮೇಲೆ 76 ಸೇರಿತು. 2019ರಲ್ಲಿ ತಾಯಂದಿರು ತಿರುವನಂತಪುರಕ್ಕೆ ಹೋಗಿ ಸೆಕ್ರೆಟೇರಿಯಟ್ ಎದುರು ಕುಳಿತ ಮೇಲೆ, 18 ತುಂಬದ 511 ಮಕ್ಕಳು ಸೇರಿದರು. ಕೂಡಿ ಕಳೆದು ನೋಡಿ. ಆಗ 1031 ಜನ ಹೊರಗೆ ಉಳಿದರು.

ಆ ಏಪ್ರಿಲ್ಲಿನಲ್ಲಿ ನಾನು ಒಂಬತ್ತನೇ ಕ್ಲಾಸು ಮುಗಿಸಿದ್ದೆ. ಪಕ್ಕದ ಮನೆಯ ಅಕ್ಕನಿಗೆ ಮಲಯಾಳ ಬಾರದು, "ನೀನು ಬಾ ಮಗಾ" ಎಂದು ಆ ಕ್ಯಾಂಪಿಗೆ ಕರೆದುಕೊಂಡು ಹೋದರು. ಮಗನಿಗೆ ಆಗ 19. ಮಲಗಿದಲ್ಲೇ. ಮಗು ಚಿಕ್ಕದಿದ್ದಾಗ ಏನು ಗಮನಿಸಿದಿರಿ ಎಂದು ಡಾಕ್ಟರ್ ಕೇಳಿದರು. "ಕುತ್ತಿಗೆ ನಿಲ್ಲಲೇ ಇಲ್ಲ ಸಾರ್" ಎಂದರು ಅಕ್ಕ. ನನಗೆ ಗೊತ್ತಿದ್ದದ್ದು ಟಿವಿಯ ಮಲಯಾಳ. ಕುತ್ತಿಗೆ ನೋವು ಎಂಬಂತೆ ಏನೋ ಹೇಳಿದೆ. ಅವರು ಬರೆದುಕೊಂಡರು. "ಕಳುತ್ತು ಉರಚ್ಚಿಲ್ಲ" ಎನ್ನಬೇಕಿತ್ತು ಎಂದು ತಿಳಿಯುವಾಗ ನಾನು ಪಿಯುಸಿಯಲ್ಲಿದ್ದೆ.

ಹಾಗಂತ ಇದನ್ನು ಕನ್ನಡ-ಮಲಯಾಳ ಜಗಳ ಮಾಡಬೇಡಿ. ನಿಮ್ಮ ಕಡೆಯವರಿಗೆ ಆ ಚಟ ಜಾಸ್ತಿ. ಗಡಿಯಿಂದಾಚೆ ಕೊಕ್ಕಡ, ಪಟ್ರಮೆಯ ಗೇರುತೋಟಗಳಲ್ಲೂ ಇದೇ ವಿಷ ಬಿದ್ದಿತ್ತು, ಅಲ್ಲಿ ಸಿಂಪಡಿಸಿದ್ದು ಕರ್ನಾಟಕದ್ದೇ ನಿಗಮ. ತಿರುವನಂತಪುರದಲ್ಲಿ ನಮ್ಮ ತಾಯಂದಿರ ಜೊತೆ ಉಪವಾಸ ಕೂತ ಸಮಾಜಸೇವಕಿ ದಯಾಬಾಯಿ ಮಲಯಾಳಿ.

ಎಲ್ಲ ಕಾಯಿಲೆಗೂ ಎಂಡೋಸಲ್ಫಾನೇ ಕಾರಣವಾ ಎಂದು ನೀವು ಕೇಳಬಹುದು. ನಾನೂ ವಿಜ್ಞಾನದ ವಿದ್ಯಾರ್ಥಿನಿ, ಆ ಪ್ರಶ್ನೆಗೆ ನನಗೆ ಸಿಟ್ಟಿಲ್ಲ. ಒಬ್ಬೊಬ್ಬರ ಮೈಯಲ್ಲಿ ಇದರಿಂದಲೇ ಇದಾಯಿತು ಎಂದು ತೋರಿಸುವುದು ಕಷ್ಟ. ಆದರೆ ಸಿಂಪಡಿಸುವ ಮೊದಲು ಯಾರೂ ಪುರಾವೆ ಕೇಳಲಿಲ್ಲ. ಇಪ್ಪತ್ತು ವರ್ಷ ಮೇಲಿಂದ ಸುರಿದು, ಆಮೇಲೆ ಹಾಸಿಗೆ ಹಿಡಿದವನ ತಾಯಿಯ ಹತ್ತಿರ ದಾಖಲೆ ತಾ ಅನ್ನುವುದು ಯಾವ ನ್ಯಾಯ? ಸಂಶಯದ ಲಾಭ ಸಿಗಬೇಕಾದದ್ದು ಅವಳಿಗೆ ಎಂಬುದು ನನ್ನ ಅಭಿಪ್ರಾಯ.

ಫೋಟೋಗಳ ಬಗ್ಗೆಯೂ ಒಂದು ಮಾತು. ದೊಡ್ಡ ತಲೆಯ ಮಗುವಿನ ಚಿತ್ರ ನೀವು ನೋಡಿರುತ್ತೀರಿ. ಅಂಥ ಚಿತ್ರಗಳಿಂದಲೇ ದೇಶ ನಮ್ಮತ್ತ ತಿರುಗಿತು, ಒಪ್ಪುತ್ತೇನೆ. ಅಕ್ಕ ಮಾತ್ರ ಕ್ಯಾಮೆರಾ ಕಂಡರೆ ಮಗನ ಮೇಲೆ ಹೊದಿಕೆ ಎಳೆಯುತ್ತಾರೆ.

ವಿಷದ ಬಾಕಿಯೂ ಇದೆ. ಉಳಿದ ಎಂಡೋಸಲ್ಫಾನನ್ನು ಗಡಿಯ ಮಿಂಚಿಪದವಿನಲ್ಲಿ ಹಳೇ ಬಾವಿಗೆ ಹಾಕಿ ಮುಚ್ಚಿದ್ದಾರೆ ಎಂಬ ದೂರು ಹಸಿರು ನ್ಯಾಯಮಂಡಳಿಯವರೆಗೆ ಹೋಗಿದೆ.

ರಜೆಯಲ್ಲಿ ಊರಿಗೆ ಹೋದರೆ ಅಕ್ಕ ಚಾ ಕೊಟ್ಟು, ಪ್ಲಾಸ್ಟಿಕ್ ಕವರಿನಿಂದ ಹೊಸದಾಗಿ ಬಂದ ಕಾಗದ ತೆಗೆಯುತ್ತಾರೆ. ಈಗ ನನ್ನ ಮಲಯಾಳ ಚೆನ್ನಾಗಿದೆ. ಎರಡೆರಡು ಸಲ ಓದಿ ಹೇಳುತ್ತೇನೆ. ಆ ದಿನದ ಕುತ್ತಿಗೆ ನೋವಿನ ವಿಷಯ ಇನ್ನೂ ಅವರಿಗೆ ಹೇಳಿಲ್ಲ.