ಪ್ರತಿಕ್ರಿಯೆ: ಬಿಸಿಲೇರಿದಾಗ ಸೋಲಾರ್ ಆಫ್ ಆಗುವುದು

ಕಾಸರಗೋಡಿನ ನಿಮ್ಮ ಒಂಬತ್ತು ಮಾಳಿಗೆಯ ಫ್ಲ್ಯಾಟಿನಲ್ಲಿ ಒಳ್ಳೆ ಬಿಸಿಲಿಗೇ ಸೋಲಾರ್ ಇನ್ವರ್ಟರ್ (ಪ್ಯಾನೆಲಿನ ಡಿಸಿ ಕರೆಂಟನ್ನು ಮನೆಬಳಕೆಯ ಎಸಿಗೆ ಬದಲಿಸುವ ಪೆಟ್ಟಿಗೆ) ಆಫ್ ಆಗುವುದಕ್ಕೆ ಕಾರಣ ಹೆಚ್ಚಾಗಿ ವೋಲ್ಟೇಜ್ ಏರುವುದು, ಪ್ಯಾನೆಲ್ ಅಲ್ಲ. ಕರೆಂಟ್ ಟೆರೇಸಿನಿಂದ ಕೆಳಗಿನ ಮೀಟರ್ ರೂಮಿಗೆ ಇಳಿಯಬೇಕಲ್ವಾ? ಅಷ್ಟುದ್ದದ ಕೇಬಲ್ ಸಪೂರವಾಗಿದ್ದರೆ ಇನ್ವರ್ಟರ್ ಹತ್ತಿರ ವೋಲ್ಟೇಜ್ ಜಾಸ್ತಿಯಾಗುತ್ತದೆ. ವೋಲ್ಟೇಜ್ ಮಿತಿ ದಾಟಿದ ಕೂಡಲೇ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ನಮ್ಮ ಕಟ್ಟಡದಲ್ಲೂ ಇದೇ ಆಗಿತ್ತು.

ಮೊದಲು ಇನ್ವರ್ಟರಿನ ಫಾಲ್ಟ್ ಮೆಸೇಜ್ ನೋಡಿ. 'ಗ್ರಿಡ್ ಓವರ್ ವೋಲ್ಟೇಜ್' ಅಂತಿದ್ದರೆ ಇದೇ. 'ಐಸೊಲೇಷನ್' (ಕರೆಂಟ್ ನೆಲಕ್ಕೆ ಸೋರುವುದು) ಅಂತಿದ್ದರೆ ಸಂಗತಿ ಬೇರೆ, ನೀರು ಹೊಕ್ಕ ಕನೆಕ್ಟರ್ ಹುಡುಕಿಸಬೇಕು. ನಮ್ಮ ಮಳೆಗೆ ಅದೂ ಆಗುವಂಥದ್ದೇ.

ಆಮೇಲೆ ನಡುಮಧ್ಯಾಹ್ನ ಎಲೆಕ್ಟ್ರಿಷಿಯನ್ ಕರೆಸಿ ಇನ್ವರ್ಟರ್ ಬಳಿ ಮತ್ತು ಮೀಟರ್ ರೂಮಿನಲ್ಲಿ, ಎರಡೂ ಕಡೆ ವೋಲ್ಟೇಜ್ ಅಳೆಸಿ. ಮೇಲೆ 258 ವೋಲ್ಟ್, ಕೆಳಗೆ 244, ಹೀಗೆ ದೊಡ್ಡ ವ್ಯತ್ಯಾಸ ಕಂಡರೆ ಕೇಬಲ್ ದಪ್ಪದ್ದು ಬೇಕು, ಇಲ್ಲವೇ ಎಲ್ಲೋ ಜಾಯಿಂಟ್ ಸಡಿಲವಾಗಿದೆ. ಅಳೆಯದೆ ಯಾವುದೆಂದು ಹೇಳುವುದು ಕಷ್ಟ. ಸೋಲಾರ್ ಆಫ್ ಮಾಡಿದರೂ ಕೆಳಗೆ 250 ದಾಟಿದ್ದರೆ ಅದು ಲೈನಿನ ಸಮಸ್ಯೆ. ರೀಡಿಂಗ್ ಸಮೇತ ಕರೆಂಟಿನವರ ಸೆಕ್ಷನ್ ಆಫೀಸಿಗೆ ಬರೆದುಕೊಡಿ, ಟ್ರಾನ್ಸ್‌ಫಾರ್ಮರಿನ ಟ್ಯಾಪ್ (ವೋಲ್ಟೇಜ್ ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಬದಲಿಸಿದರೆ ವೋಲ್ಟೇಜ್ ಇಳಿಯುತ್ತದೆ.

ಅಲ್ಲಿಯವರೆಗೆ ನೀರಿನ ಪಂಪನ್ನು ಟೈಮರ್ ಇಟ್ಟು 11ರಿಂದ 2ರೊಳಗೆ ಓಡಿಸಿ. ಕಟ್ಟಡದೊಳಗೇ ಖರ್ಚಾದರೆ ವೋಲ್ಟೇಜ್ ಸ್ವಲ್ಪ ತಗ್ಗುತ್ತದೆ. ಇನ್ವರ್ಟರಿನ ಮಿತಿಯನ್ನೇ ಏರಿಸಿಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಎಲ್ಲರ ಮನೆಯ ಫ್ರಿಜ್, ಟಿವಿಗೆ ಅದು ಅಪಾಯ.