ಶಿಕ್ಷೆ ಜಾಸ್ತಿ ಮಾಡಿದರೆ ದುಡ್ಡು ವಾಪಸ್ ಬರುತ್ತದೆಯೇ?

ಪ್ರಶ್ನೆ: ಬ್ಯಾಂಕಿನವರು ಎಂದು ನಂಬಿಸಿ ನಮ್ಮ ತಂದೆಯಿಂದ ಓಟಿಪಿ ಪಡೆದು 3 ಲಕ್ಷ ರೂಪಾಯಿ ದೋಚಿದ್ದಾರೆ. ಮರ್ಯಾದೆಗೆ ಅಂಜಿ ಅವರು ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ನಮ್ಮಲ್ಲಿ ಸೈಬರ್ ಕಾನೂನೇ ಇಲ್ಲ ಅಲ್ವಾ? ಇಂಥವರಿಗೆ ಜೀವಾವಧಿ ಶಿಕ್ಷೆ ಕೊಡುವ ಕಾನೂನು ಯಾವಾಗ ಬರುತ್ತದೆ?
– ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ತಂದೆಯನ್ನು ಬೈಯಬೇಡಿ. ಓದಿದವರು, ಅಧಿಕಾರಿಗಳು ಕೂಡ ಹೀಗೆ ಮೋಸ ಹೋಗಿ ನನ್ನ ಮುಂದೆ ಕೂತು ಅತ್ತಿದ್ದಾರೆ. ಆದರೆ 'ಕಾನೂನೇ ಇಲ್ಲ' ಎಂಬ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ ಅಕ್ಟೋಬರ್ 17ರಿಂದ ಜಾರಿಯಲ್ಲಿದೆ. ಬೇರೆಯವರ ಸೋಗು ಹಾಕಿ ಕಂಪ್ಯೂಟರ್, ಮೊಬೈಲ್ ಮೂಲಕ ವಂಚಿಸಿದರೆ ಅದರ 66ಡಿ ಕಲಂ ಪ್ರಕಾರ 3 ವರ್ಷದವರೆಗೆ ಜೈಲು. ಜತೆಗೆ ಹಳೆಯ ಐಪಿಸಿ ಬದಲಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ ವಂಚನೆಯ ಕಲಂ 318(4) ಹಾಕಿದರೆ 7 ವರ್ಷದವರೆಗೆ.

ಕಾನೂನು ಇಲ್ಲದಿದ್ದರೆ ಏನಾಗುತ್ತದೆ ಎಂದು ಫಿಲಿಪ್ಪೀನ್ಸ್ ದೇಶವನ್ನು ನೋಡಿ. 2000ದ ಮೇ ತಿಂಗಳಲ್ಲಿ 'ಐ ಲವ್ ಯೂ' ವೈರಸ್ ಅಲ್ಲಿಂದ ಹೊರಟು ಜಗತ್ತಿನ ಲಕ್ಷಾಂತರ ಕಂಪ್ಯೂಟರ್‌ಗಳನ್ನು ಕೆಡಿಸಿತು. ಮನಿಲಾದ ಯುವಕನೊಬ್ಬನನ್ನು ಪೊಲೀಸರು ಪತ್ತೆಯೂ ಮಾಡಿದರು. ಆದರೆ ಹಾಕಲು ಸರಿಯಾದ ಕಲಂ ಇರಲಿಲ್ಲ, ಕೇಸು ಬಿದ್ದುಹೋಯಿತು. ಜೂನ್‌ನಲ್ಲಿ ಹೊಸ ಕಾನೂನು ಬಂತು. ಹಿಂದೆ ಆದ ತಪ್ಪಿಗೆ ಅದನ್ನು ಹಚ್ಚುವಂತಿರಲಿಲ್ಲ.

ಇನ್ನು ಕಠಿಣ ಕಾನೂನಿನ ವಿಷಯ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ ನೆನಪಿದೆಯೇ? 'ಕಿರಿಕಿರಿ' ಉಂಟುಮಾಡುವ ಸಂದೇಶಕ್ಕೂ ಜೈಲು ಎಂದು ಅದರಲ್ಲಿತ್ತು. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ, ಮುಂಬೈ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದ ಹುಡುಗಿಯನ್ನೂ ಅದಕ್ಕೆ ಲೈಕ್ ಒತ್ತಿದ ಗೆಳತಿಯನ್ನೂ ಬಂಧಿಸಿದರು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ ಕಲಮನ್ನೇ ರದ್ದು ಮಾಡಿತು. ಸಡಿಲವಾಗಿ ಬರೆದ ಕಾನೂನು ಕಳ್ಳನನ್ನು ಬಿಟ್ಟು ಸಿಕ್ಕವರನ್ನು ಹಿಡಿಯುತ್ತದೆ. ಅದಕ್ಕೇ ಕಠಿಣ ಕಾನೂನು ಎಂದರೆ ನನಗೆ ಅಷ್ಟು ಭಯ.

ನಿಜವಾದ ಕೊರತೆ ಬೇರೆ ಕಡೆ ಇದೆ. ಈ ಕಾಯ್ದೆಯ 78ನೇ ಕಲಂ ಪ್ರಕಾರ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಅಂದರೆ ಪಿಎಸ್‌ಐಗೆ ಅಧಿಕಾರವಿಲ್ಲ. ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಯ ಒಬ್ಬರ ಮೇಜಿನ ಮೇಲೆ ಎಷ್ಟು ಫೈಲು ತಾನೇ ಮುಂದೆ ಹೋದೀತು? ಅತ್ತ ನಿಮ್ಮ ದುಡ್ಡು ನಿಂತಲ್ಲಿ ನಿಲ್ಲುವುದಿಲ್ಲ. ಒಂದು ಖಾತೆಯಿಂದ ಐದಕ್ಕೆ, ಅಲ್ಲಿಂದ ಮತ್ತಷ್ಟಕ್ಕೆ ಹರಿದು ಬೇರೆ ರಾಜ್ಯದ ಎಟಿಎಂನಲ್ಲಿ ನೋಟಾಗಿ ಹೊರಬೀಳುತ್ತದೆ. ಆ ಖಾತೆಗಳಲ್ಲಿ ಎಷ್ಟೋ, ಕಮಿಷನ್ ಆಸೆಗೆ ಪಾಸ್‌ಬುಕ್, ಸಿಮ್ ಎರಡನ್ನೂ ಕೊಟ್ಟುಬಿಟ್ಟ ನಮ್ಮಂಥವರದೇ. 'ನಾನು ಸುಮ್ನೆ ಅಕೌಂಟ್ ಕೊಟ್ಟೆ, ಅಷ್ಟೆ' ಎನ್ನುವ ಹುಡುಗರ ಪರ ವಾದಿಸಲು ನನಗೆ ಮನಸ್ಸು ಬರುವುದಿಲ್ಲ. ತರಬೇತಿ ಪಡೆದ ಪಿಎಸ್‌ಐಗಳಿಗೆ ತನಿಖೆಯ ಅಧಿಕಾರ ಕೊಡಬೇಕು. ಪೊಲೀಸರು ಕೇಳಿದ ಮಾಹಿತಿಯನ್ನು ಇಷ್ಟು ಗಂಟೆಯೊಳಗೆ ಕೊಡಲೇಬೇಕು ಎಂದು ಬ್ಯಾಂಕಿಗೂ ಮೊಬೈಲ್ ಕಂಪನಿಗೂ ಕಟ್ಟುಪಾಡು ಹಾಕಬೇಕು. ನಾನು ಬೇಡುವ ಕಾನೂನು ಇದು.

ಈಗ ನಿಮ್ಮ ತಂದೆಯ ವಿಷಯಕ್ಕೆ ಬರೋಣ. ನಾಲ್ಕು ದಿನ ಕಳೆದಿದ್ದರೂ ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಪ್ರಕಾರ, ಓಟಿಪಿ ನಾವೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಆದ್ದರಿಂದ ದೂರು ಕೊಟ್ಟ ದಿನ ಮತ್ತು ಸಮಯ ತುಂಬಾ ಮುಖ್ಯ. ಎಲ್ಲೋ ಒಂದು ಖಾತೆಯಲ್ಲಿ ಸ್ವಲ್ಪ ಹಣ ತಡೆಹಿಡಿದಿದ್ದರೆ ಅದನ್ನು ಕೋರ್ಟ್ ಮೂಲಕ ಬಿಡಿಸಿಕೊಳ್ಳಬಹುದು. ಪೂರ್ತಿ ಬರುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ಕೊಡುವವರನ್ನು ನಂಬಲೂ ಬೇಡಿ.

ಪ್ರಶ್ನೆ: ಮುಂಗಡ 10 ಸಾವಿರ ಕೊಟ್ಟರೆ ಕಳೆದ ಹಣ ತೆಗೆಸಿಕೊಡುವುದಾಗಿ ಟೆಲಿಗ್ರಾಂನಲ್ಲಿ ಒಬ್ಬ 'ಎಥಿಕಲ್ ಹ್ಯಾಕರ್' ಹೇಳುತ್ತಿದ್ದಾನೆ. ಕೊಡಬಹುದೇ?

ಉತ್ತರ: ಬೇಡ. ಅವನು ಎರಡನೇ ಕಳ್ಳ.

ಪ್ರಶ್ನೆ: ಡಿಜಿಟಲ್ ಅರೆಸ್ಟ್‌ಗೆ ಜಾಮೀನು ಸಿಗುತ್ತದೆಯೇ?

ಉತ್ತರ: ಪೊಲೀಸರ ಸೋಗಿನಲ್ಲಿ ವಿಡಿಯೋ ಕಾಲ್ ಮಾಡಿ 'ನಿಮ್ಮನ್ನು ಬಂಧಿಸಿದ್ದೇವೆ' ಎಂದು ಹೆದರಿಸುವ ಮೋಸ ಅದು. ಅಂಥ ಬಂಧನ ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ವಿಡಿಯೋ ಕಾಲ್ ಕತ್ತರಿಸಿ.

ಪ್ರಶ್ನೆ: 'ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂದು ಠಾಣೆಯಲ್ಲಿ ವಾಪಸ್ ಕಳಿಸಿದರು.

ಉತ್ತರ: ಹಳೆಯ ಸಿಆರ್‌ಪಿಸಿ ಬದಲಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳಿ. ವ್ಯಾಪ್ತಿ ಯಾವುದೇ ಇರಲಿ, ದೂರು ತೆಗೆದುಕೊಳ್ಳಲೇಬೇಕು. ಇಲ್ಲವೆಂದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.