ಎರಡನೇ ಕೆಲಸ ಎಲ್ಲಿದೆ, ಮೊದಲು ಅದನ್ನು ನೋಡಿ

ಕೆಲಸದ ಮಾತು: ಓದುಗರ ಪ್ರಶ್ನೆ, ಉತ್ತರ

ಪ್ರಶ್ನೆ: ಈ ವರ್ಷ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದೆ. ಕೈಯಲ್ಲಿ ಎರಡು ಆಫರ್ ಲೆಟರ್ ಇವೆ. ಒಂದು ದೊಡ್ಡ ನಗರದ ಡಿಸೈನ್ ಕಂಪನಿ, ನಲವತ್ತು ಜನ ಇದ್ದಾರೆ. ಇನ್ನೊಂದು ಸಣ್ಣ ಊರಿನ ದೊಡ್ಡ ಕಾರ್ಖಾನೆ. ಆ ಊರು ನಡೆಯುವುದೇ ಅದರಿಂದ. ಕಾರ್ಖಾನೆಯವರು ಐದನೇ ಒಂದು ಭಾಗ ಜಾಸ್ತಿ ಸಂಬಳ ಕೊಡುತ್ತಾರೆ, ಕ್ವಾರ್ಟರ್ಸ್ ಕೂಡ ಇದೆ. ಅಪ್ಪ ಕಾರ್ಖಾನೆಗೆ ಸೇರು ಅನ್ನುತ್ತಾರೆ. ಗೆಳೆಯರೆಲ್ಲ ದೊಡ್ಡ ನಗರಕ್ಕೆ ಹೊರಟಿದ್ದಾರೆ. ಹತ್ತು ದಿನದಲ್ಲಿ ತಿಳಿಸಬೇಕು. ಯಾವ ಊರಿಗೆ ಹೋಗಲಿ?
– ಹೆಸರು, ಊರು ಬೇಡ ಎಂದವರು

ಉತ್ತರ: ಮೊದಲು ನಿಮ್ಮ ಅಪ್ಪನ ಪರವಾಗಿ ಒಂದು ಮಾತು. ದುಡ್ಡಿನ ಲೆಕ್ಕದಲ್ಲಿ ಅವರು ಹೇಳುವುದು ಸರಿ. ನಗರದ ಸಂಬಳ 100 ಅಂತ ಇಟ್ಟುಕೊಳ್ಳಿ, ಕಾರ್ಖಾನೆಯದು 120. ನಗರದಲ್ಲಿ ಬಾಡಿಗೆಗೆ 30, 35 ಹೋದೀತು. ಓಡಾಟಕ್ಕೆ ಇನ್ನೊಂದು 8, 10. ಕ್ವಾರ್ಟರ್ಸಿಗೆ ಏನೋ ಸ್ವಲ್ಪ ಹಿಡಿದುಕೊಳ್ಳುತ್ತಾರೆ ಅಷ್ಟೆ, ಗೇಟಿಗೆ ನಡೆದೇ ಹೋಗಬಹುದು. ಊಟ ಬಟ್ಟೆಗೆ ಮುಂಚೆ ಕೈಯಲ್ಲಿ ಉಳಿಯುವುದು ಅಲ್ಲಿ ಹೆಚ್ಚುಕಮ್ಮಿ ಎರಡು ಪಟ್ಟು. ಜೊತೆಗೆ ನಗರದಲ್ಲಿ ಮೊದಲ ಸಂಬಳ ಬರುವ ಮುಂಚೆಯೇ ಮನೆಗೆ ಅಡ್ವಾನ್ಸ್ ಕಟ್ಟಬೇಕು. ಆ ದುಡ್ಡು ಯಾರ ಜೇಬಿನಿಂದ ಬರುತ್ತದೆ ಅಂತ ನಿಮಗೆ ಗೊತ್ತು, ನಿಮ್ಮಪ್ಪನಿಗಂತೂ ಚೆನ್ನಾಗಿ ಗೊತ್ತು.

ಗೆಳೆಯರ ಮಾತು ಬಿಡಿ. ಒಟ್ಟಿಗೆ ಇರೋಣ ಎಂದುಕೊಂಡು ಹೊರಟವರು ಬಹಳ ದಿನ ಒಂದೇ ರೂಮಿನಲ್ಲಿ ಇರುವುದಿಲ್ಲ. ಒಬ್ಬೊಬ್ಬರ ಆಫೀಸು ಒಂದೊಂದು ಮೂಲೆಯಲ್ಲಿ ಇರುತ್ತದೆ, ರೂಮೂ ಅದರ ಹಿಂದೆಯೇ ಹೋಗುತ್ತದೆ.

ಇಷ್ಟು ಹೇಳಿಯೂ ನಾನು ಸಂಬಳದ ಹತ್ತಿರ ನಿಲ್ಲುವುದಿಲ್ಲ. ಬಹಳ ವರ್ಷ ನೇಮಕದ ಕೆಲಸ ಮಾಡಿದವಳು ನಾನು. ಎದುರು ಕೂತ ಹುಡುಗ ಹುಡುಗಿಯರನ್ನು ಮೊದಲು ಕೇಳುತ್ತಿದ್ದದ್ದು, 'ಈಗಿನ ಕೆಲಸ ಯಾಕೆ ಬಿಡ್ತಿದ್ದೀರಿ?' ಅಂತ. ಮೊದಲ ಕೆಲಸದಲ್ಲೇ ರಿಟೈರ್ ಆಗುವವರು ಈಗ ಯಾರಿದ್ದಾರೆ? ಎರಡೋ ಮೂರೋ ವರ್ಷಕ್ಕೆ ನೀವೇ ಬಿಡುತ್ತೀರಿ, ಇಲ್ಲವೇ ಅವರೇ ಬಿಡಿಸುತ್ತಾರೆ. ಆಗ ಮನೆ ಖಾಲಿ ಮಾಡದೆ, ಅದೇ ಊರಲ್ಲಿ ಇನ್ನೊಂದು ಕೆಲಸ ಸಿಗುತ್ತದಾ? ಊರು ಆರಿಸುವಾಗ ನಾನು ನೋಡುವುದು ಮೊದಲು ಇದನ್ನೇ.

ಇದನ್ನು ಊಹಿಸಬೇಕಾಗಿಲ್ಲ, ಒಂದು ಸಂಜೆ ಕೂತು ಎಣಿಸಬಹುದು. ಕೆಲಸ ಹುಡುಕುವ ಯಾವುದಾದರೂ ಪೋರ್ಟಲ್ ತೆಗೆಯಿರಿ. ಎರಡೂ ಊರಿನ ಹೆಸರು ಹಾಕಿ, ನಿಮ್ಮ ಕೆಲಸದ ಹೆಸರು ಹಾಕಿ. ಅನುಭವದ ಜಾಗದಲ್ಲಿ 'ಫ್ರೆಶರ್' ಬೇಡ, 2ರಿಂದ 4 ವರ್ಷ ಅಂತ ಕೊಡಿ. ಆಮೇಲೆ ಹುದ್ದೆ ಎಣಿಸಲು ಹೋಗಬೇಡಿ, ಕಂಪನಿ ಎಣಿಸಿ. ಒಂದೇ ಹುದ್ದೆಯನ್ನು ನಾಲ್ಕು ಏಜೆನ್ಸಿಯವರು ನಾಲ್ಕು ಸಲ ಹಾಕಿರುತ್ತಾರೆ, ನೋಡಿದವರಿಗೆ ಊರ ತುಂಬ ಕೆಲಸ ಇದ್ದ ಹಾಗೆ ಕಾಣುತ್ತದೆ. ಸಣ್ಣ ಊರಿನ ಪಟ್ಟಿಯಲ್ಲಿ ಆ ಕಾರ್ಖಾನೆ ಮತ್ತು ಅದಕ್ಕೆ ಬಿಡಿಭಾಗ ಮಾಡಿಕೊಡುವವರು ಮಾತ್ರ ಬಂದರೆ ಹುಷಾರಾಗಿ. ದೊಡ್ಡವರಿಗೆ ನೆಗಡಿ ಆದ ದಿನ ಚಿಕ್ಕವರೂ ಮಲಗುತ್ತಾರೆ.

ಅಮೆರಿಕದ ಡೆಟ್ರಾಯಿಟ್ ಗೊತ್ತಲ್ಲ, ಕಾರಿನ ಊರು. 1950ರಲ್ಲಿ ಅಲ್ಲಿ ಸುಮಾರು 18.5 ಲಕ್ಷ ಜನ ಇದ್ದರು. 2010ರ ಜನಗಣತಿಯ ಹೊತ್ತಿಗೆ ಉಳಿದವರು 7 ಲಕ್ಷ ಚಿಲ್ಲರೆ. 2013ರಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. ಕಾರಣ ಹಲವಾರು ಇವೆ. ಆದರೆ ಒಂದೇ ಉದ್ಯಮವನ್ನು ನೆಚ್ಚಿಕೊಂಡಿದ್ದ ಊರು ಅನ್ನುವುದು ಅದರಲ್ಲಿ ದೊಡ್ಡದು. ಒಳ್ಳೆಯ ಕುಶಲ ಕೆಲಸಗಾರರು, ಕೆಲಸ ಹೋದಾಗ ಪಕ್ಕದ ಬೀದಿಯಲ್ಲೂ ಅದೇ ಕಥೆ. ನಿಮ್ಮ ಕಾರ್ಖಾನೆಗೆ ಹಾಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಕ್ವಾರ್ಟರ್ಸಿನ ಬಗ್ಗೆ ಮಾತ್ರ ಒಂದು ವಿಷಯ ನೆನಪಿರಲಿ. ಕೆಲಸ ಹೋದರೆ ಅದರ ಜೊತೆಗೇ ಮನೆಯೂ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಸಿಕ್ಕಿದ ಕೆಲಸಕ್ಕೆ, ಸಿಕ್ಕಿದ ಸಂಬಳಕ್ಕೆ ತಲೆ ಆಡಿಸಿ ಬಿಡುತ್ತೇವೆ. ಅಂಥವರನ್ನು ನಾನು ಎದುರಿಗೆ ಕೂರಿಸಿಕೊಂಡಿದ್ದೇನೆ. ಎಷ್ಟು ಕೇಳಬೇಕು ಅನ್ನುವುದೇ ಅವರಿಗೆ ಮರೆತುಹೋಗಿರುತ್ತಿತ್ತು.

ದೊಡ್ಡ ನಗರದ ಪರವಾಗಿ ಇನ್ನೊಂದು ಗಟ್ಟಿ ಮಾತಿದೆ. ಹೋರ್ಹೆ ದೆ ಲಾ ರೋಕಾ ಮತ್ತು ದಿಯೆಗೊ ಪುಗಾ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಸ್ಪೇನ್ ದೇಶದ ಕೆಲಸಗಾರರ ದಾಖಲೆಗಳನ್ನು ವರ್ಷ ವರ್ಷ ಜೋಡಿಸಿ ನೋಡಿದರು. ಅಧ್ಯಯನ ಪ್ರಕಟವಾದದ್ದು 2017ರಲ್ಲಿ. ಮ್ಯಾಡ್ರಿಡ್, ಬಾರ್ಸಿಲೋನಾದಂಥ ದೊಡ್ಡ ನಗರದಲ್ಲಿ ಪಡೆದ ಅನುಭವಕ್ಕೆ ಬೆಲೆ ಜಾಸ್ತಿ ಅನ್ನುವುದು ಅವರಿಗೆ ಕಂಡಿತು. ಅಷ್ಟೇ ಆಗಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ಆಮೇಲೆ ಸಣ್ಣ ಊರಿಗೆ ಹೋದ ಮೇಲೂ ಆ ಬೆಲೆ ಬಹುಪಾಲು ಆ ಕೆಲಸಗಾರರ ಜೊತೆಗೇ ಉಳಿಯಿತು. ದೊಡ್ಡ ಊರಿಗೆ ಬಂದವರು ಮೊದಲೇ ಹೆಚ್ಚು ಜಾಣರಾಗಿದ್ದರು ಅಂತಲೂ ಅಲ್ಲವಂತೆ. ಅಂದರೆ ನಗರಕ್ಕೆ ಹೋದವರು ಅಲ್ಲೇ ಮುದುಕರಾಗಬೇಕು ಅಂತೇನಿಲ್ಲ. ಕಲಿತು ವಾಪಸ್ ಬರಬಹುದು.

ಇನ್ನು ಕಾರ್ಖಾನೆಯ ಪರವಾಗಿ ಹೇಳುವುದಿದೆ, ಇದನ್ನು ಹಗುರವಾಗಿ ತಗೋಬೇಡಿ. ಮೆಕ್ಯಾನಿಕಲ್ ಓದಿದವರು ಮೊದಲ ಎರಡು ವರ್ಷ ಮೆಷಿನ್ ಮುಟ್ಟಬೇಕು. ಶಾಪ್ ಫ್ಲೋರಿನಲ್ಲಿ ನಿಂತು, ತಾನು ಬರೆದ ಟಾಲರೆನ್ಸಿಗೆ (ಅಳತೆ ಎಷ್ಟು ಆಚೀಚೆ ಆಗಬಹುದು ಅನ್ನುವ ಮಿತಿಗೆ) ಲೇತಿನ ಮುಂದೆ ನಿಂತವರು ಯಾಕೆ ನಗುತ್ತಾರೆ ಅಂತ ತಿಳಿದುಕೊಂಡವರು ಆಮೇಲೆ ಮಾಡುವ ಡಿಸೈನೇ ಬೇರೆ. ನಲವತ್ತು ಜನರ ಡಿಸೈನ್ ಕಂಪನಿಯಲ್ಲಿ ಹೊಸಬರಿಗೆ ಒಂದೊಂದು ಸಲ ಬೇರೆಯವರ ಡ್ರಾಯಿಂಗ್ ತಿದ್ದುವ ಕೆಲಸವೇ ವರ್ಷಗಟ್ಟಲೆ ಸಿಗುತ್ತದೆ. ನಗರ ದೊಡ್ಡದಿದ್ದರೇನು, ನೀವು ನೋಡುವುದು ಒಂದು ಸ್ಕ್ರೀನ್.

ಆದ್ದರಿಂದ ಹತ್ತು ದಿನದಲ್ಲಿ ಈ ಕೆಲಸ ಮಾಡಿ. ಎರಡೂ ಕಡೆ, ಕಳೆದ ವರ್ಷ ಸೇರಿದ ಒಬ್ಬರನ್ನು ಹುಡುಕಿ ಮಾತಾಡಿ. ನಿಮ್ಮ ಕಾಲೇಜಿನ ಸೀನಿಯರ್‌ಗಳಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ನೆನ್ನೆ ಬೆಳಗ್ಗೆಯಿಂದ ಸಂಜೆವರೆಗೆ ಏನು ಮಾಡಿದಿರಿ ಅಂತ ಕೇಳಿ. 'ಕೆಲಸ ಚೆನ್ನಾಗಿದೆಯಾ' ಅಂದರೆ 'ಪರವಾಗಿಲ್ಲ' ಅನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಆಮೇಲೆ, ಕೆಲಸ ಬಿಟ್ಟವರು ಎಲ್ಲಿಗೆ ಹೋದರು ಅಂತ ಕೇಳಿ. ಕಾರ್ಖಾನೆ ಬಿಟ್ಟವರು ಎರಡು ಮೂರು ವರ್ಷಕ್ಕೆ ಒಳ್ಳೊಳ್ಳೆ ಕಡೆ ಸೇರಿದ್ದಾರೆ ಅಂದರೆ ಅದು ಒಳ್ಳೆಯ ಪಾಠಶಾಲೆ, ಊರು ಸಣ್ಣದಾದರೂ ಸರಿ. ಯಾರೂ ಬಿಟ್ಟೇ ಇಲ್ಲ ಅಂದರೆ ಹೊಗಳಿಕೆ ಅಂತ ತಿಳಿಯಬೇಡಿ. ಬಿಡಲು ಆಗದೆ ಇರುವವರೂ ಇರುತ್ತಾರೆ.

ಆಫರ್ ಲೆಟರ್ ಕೂಡ ಪೂರ್ತಿ ಓದಿ. ಇಷ್ಟು ವರ್ಷ ಬಿಡುವಂತಿಲ್ಲ ಅಂತ ಬಾಂಡ್ ಇದೆಯಾ, ಬಿಟ್ಟ ಮೇಲೆ ಇದೇ ಬಗೆಯ ಕಂಪನಿ ಸೇರುವಂತಿಲ್ಲ ಅಂತ ಷರತ್ತು ಇದೆಯಾ ನೋಡಿ. ಈ ಎರಡನೆಯ ಬಗೆಯ ಷರತ್ತು ನಡೆಯುವುದಿಲ್ಲ ಅಂತ ಕ್ಯಾಲಿಫೋರ್ನಿಯಾದಲ್ಲಿ 1872ರಿಂದಲೇ ಕಾನೂನಿದೆ. ಅಲ್ಲಿನ ಸಿಲಿಕಾನ್ ವ್ಯಾಲಿಯ ಜನ ಕಂಪನಿಯಿಂದ ಕಂಪನಿಗೆ ಸಲೀಸಾಗಿ ಹೋಗುವುದಕ್ಕೆ ಅದೂ ಒಂದು ಕಾರಣ ಎನ್ನುವ ಸಂಶೋಧಕರಿದ್ದಾರೆ. ಊರ ತುಂಬ ಕಂಪನಿ ಇದ್ದೂ ನಿಮ್ಮ ಕಾಲು ಕಟ್ಟಿದ್ದರೆ ಏನು ಬಂತು?

ನನ್ನ ಅಭಿಪ್ರಾಯ ಕೇಳಿದಿರಿ, ಹೇಳುತ್ತೇನೆ. ಮನೆಯ ಮೇಲೆ ಸಾಲ ಇದ್ದರೆ, ನಿಮ್ಮ ಓದಿನ ಸಾಲದ ಇಎಂಐ ಮುಂದಿನ ತಿಂಗಳಿಂದಲೇ ಶುರು ಆಗುವುದಿದ್ದರೆ, ಕಾರ್ಖಾನೆಗೆ ಹೋಗಿ. ಎರಡು ವರ್ಷದಲ್ಲಿ ಸಾಲ ಇಳಿಸಿ, ಮೆಷಿನ್ ಕಲಿತು, ಆಮೇಲೆ ನಗರಕ್ಕೆ ಬನ್ನಿ. ಮೆಷಿನ್ ಗೊತ್ತಿರುವ ಡಿಸೈನರ್ ಸಿಕ್ಕರೆ ನಾವು ಬಿಡುತ್ತಿರಲಿಲ್ಲ. ಸಾಲ ಇಲ್ಲ, ಡಿಸೈನ್ ಕಂಪನಿಯಲ್ಲಿ ಹೊಸಬರಿಗೂ ನಿಜವಾದ ಕೆಲಸ ಕೊಡುತ್ತಾರೆ ಅಂತ ಸೀನಿಯರ್ ಹೇಳಿದರೆ, ನಗರ. ಸಾಲವೂ ಇಲ್ಲ, ಅಲ್ಲಿ ಬರೀ ತಿದ್ದುವ ಕೆಲಸ ಅಂತಾದರೆ ಆಗಲೂ ಕಾರ್ಖಾನೆಯೇ.

ನಗರ ಅಂತಾದರೆ ರೂಮನ್ನು ಆಫೀಸಿನ ಹತ್ತಿರವೇ ಹಿಡಿಯಿರಿ, ಚಿಕ್ಕದಾದರೂ ಪರವಾಗಿಲ್ಲ. ಅಗ್ಗ ಅಂತ ಊರಾಚೆ ಹೋದವರು ಉಳಿಸಿದ ಬಾಡಿಗೆಯನ್ನು ಬಸ್ಸಿಗೆ ಕೊಟ್ಟು, ಮೇಲೆ ನಿದ್ದೆಯನ್ನೂ ಕೊಡುತ್ತಾರೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಟೆಕ್ಸಾಸಿನ 909 ಉದ್ಯೋಗಸ್ಥ ಮಹಿಳೆಯರು ತಮ್ಮ ಹಿಂದಿನ ದಿನವನ್ನು ತುಣುಕು ತುಣುಕಾಗಿ ನೆನೆದು ಹೇಳಿದರು. ಖುಷಿಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗೆ ಬಂದದ್ದು ಕೆಲಸಕ್ಕೆ ಹೋಗಿಬರುವ ಪ್ರಯಾಣ. ಮನೆ ನೋಡಲು ಭಾನುವಾರ ಹೋಗಬೇಡಿ. ಸೋಮವಾರ ಬೆಳಗ್ಗೆ ಆಫೀಸಿನ ಹೊತ್ತಿಗೆ ಆ ದಾರಿಯಲ್ಲಿ ಒಮ್ಮೆ ಹೋಗಿ ನೋಡಿ. ಆಮೇಲೆ ಅಡ್ವಾನ್ಸ್ ಕೊಡಿ.

ಪ್ರಶ್ನೆ: ನನಗೆ ಅಕೌಂಟ್ಸ್ ಕೆಲಸ, ಮೂರು ಊರುಗಳಲ್ಲಿ ಬ್ರ್ಯಾಂಚ್ ಇರುವ ಕಂಪನಿ. ಎಲ್ಲಿ ಬೇಕೋ ಆರಿಸಿಕೊಳ್ಳಿ ಅಂದಿದ್ದಾರೆ. ಚಿಕ್ಕಪ್ಪ ಇರುವ ಊರಿಗೇ ಹೋಗಬೇಕು, ಅವರ ಮನೆಯಲ್ಲೇ ಇರಬೇಕು ಅಂತ ಮನೆಯಲ್ಲಿ ಹಠ. ನನಗೆ ಇಷ್ಟವಿಲ್ಲ.
– ಬಿ.ಕಾಂ. ಮುಗಿಸಿದ ಹುಡುಗಿ

ಉತ್ತರ: ಊರಿನ ಮಾತು ಬೇರೆ, ಮನೆಯ ಮಾತು ಬೇರೆ. ಮನೆಯವರು ಎರಡನ್ನೂ ಸೇರಿಸಿಬಿಟ್ಟಿದ್ದಾರೆ, ನೀವು ಬಿಡಿಸಿ ಮಾತಾಡಿ. ಹೊಸ ಊರಲ್ಲಿ ಜ್ವರ ಬಂದರೆ ಬಾಗಿಲು ತಟ್ಟಲು ಒಂದು ಮನೆ ಇರುವುದು ಸಣ್ಣ ವಿಷಯವಲ್ಲ. ಅಕೌಂಟ್ಸ್ ಕೆಲಸ ಎಲ್ಲ ಊರಲ್ಲೂ ಇರುತ್ತದೆ, ನಿಮಗೆ ಎರಡನೇ ಕೆಲಸದ ಚಿಂತೆ ಮೇಲಿನ ಪ್ರಶ್ನೆ ಕೇಳಿದವರಷ್ಟು ಇಲ್ಲ. ಹಾಗಾಗಿ ಚಿಕ್ಕಪ್ಪನ ಊರನ್ನೇ ಒಪ್ಪಿಕೊಳ್ಳಿ, ಅವರ ಮನೆಯಲ್ಲಿ ಮೊದಲ ಒಂದು ತಿಂಗಳು ಇದ್ದು ಹತ್ತಿರದಲ್ಲೇ ಹಾಸ್ಟೆಲ್ ನೋಡಿಕೊಳ್ಳುತ್ತೇನೆ ಅಂತ ಈಗಲೇ ಹೇಳಿ. ಹೋದ ಮೇಲೆ ಹೇಳಿದರೆ ಚಿಕ್ಕಮ್ಮನಿಗೆ ಬೇಜಾರಾಗುತ್ತದೆ.

ಒಂದು ವಿಷಯ ಮಾತ್ರ ಹೊರಡುವ ಮೊದಲೇ ವಿಚಾರಿಸಿ. ವರ್ಷದ ಕೊನೆಯ ಲೆಕ್ಕ ಮುಗಿಸುವ ದಿನಗಳಲ್ಲಿ ಆಫೀಸು ಎಷ್ಟು ಹೊತ್ತಿಗೆ ಬಿಡುತ್ತದೆ, ಆ ಹೊತ್ತಿಗೆ ಬಸ್ ಇದೆಯಾ, ಕಂಪನಿ ಗಾಡಿ ಕೊಡುತ್ತದಾ? ಅಕೌಂಟ್ಸಿನವರಿಗೆ ಆ ರಾತ್ರಿಗಳು ತಪ್ಪಿದ್ದಲ್ಲ.

ಹಾಸ್ಟೆಲ್ ಅಂತ ನಾನು ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಮಾರ್ಕ್ ಗ್ರನೋವೆಟರ್ ಎಂಬ ಸಮಾಜಶಾಸ್ತ್ರಜ್ಞರು ಬೋಸ್ಟನ್ ಹತ್ತಿರ, ಹೊಸದಾಗಿ ಕೆಲಸ ಬದಲಿಸಿದವರನ್ನು ಮಾತಾಡಿಸಿ 1973ರಲ್ಲಿ ಒಂದು ಲೇಖನ ಬರೆದರು. ಗುರುತಿನವರ ಮೂಲಕ ಕೆಲಸ ಸಿಕ್ಕಿತು ಅಂದವರಲ್ಲಿ, ಆ ಗುರುತಿನವರನ್ನು ಪದೇ ಪದೇ ನೋಡುತ್ತಿದ್ದವರು ಶೇ 17ರಷ್ಟು ಮಾತ್ರ. ಉಳಿದವರೆಲ್ಲ ಅಪರೂಪಕ್ಕೋ ಯಾವಾಗಲಾದರೊಮ್ಮೆಯೋ ಸಿಗುವವರ ಮೂಲಕ ಸುದ್ದಿ ತಿಳಿದವರು. ಚಿಕ್ಕಪ್ಪನಿಗೆ ಗೊತ್ತಿರುವವರು ನಿಮ್ಮ ಅಪ್ಪನಿಗೂ ಗೊತ್ತಿರುತ್ತಾರೆ. ಪಕ್ಕದ ಮಂಚದ ಹುಡುಗಿಗೆ ಗೊತ್ತಿರುವವರೇ ಬೇರೆ.

ಪ್ರಶ್ನೆ: ಸಾಫ್ಟ್‌ವೇರ್ ಕಂಪನಿ, ಮನೆಯಿಂದಲೇ ಕೆಲಸ ಮಾಡಬಹುದು ಅಂದಿದ್ದಾರೆ. ಬೇಕಾದರೆ ಆಫೀಸಿಗೂ ಬರಬಹುದಂತೆ. ಊರು ಬಿಡಬೇಕಾ?

ಉತ್ತರ: ನಿಮ್ಮ ಟೀಮ್ ಆಫೀಸಿಗೆ ಬರುತ್ತದೆ ಅಂದರೆ ಊರು ಬಿಡಿ. ಬರುವುದಿಲ್ಲ ಅಂದರೆ ಸುಮ್ನೆ ಬಾಡಿಗೆ ಕಟ್ಟಿ ಖಾಲಿ ಕುರ್ಚಿಗಳ ಮಧ್ಯೆ ಕೂರಬೇಡಿ. ಅಮೆರಿಕದ ದೊಡ್ಡ ಕಂಪನಿಯೊಂದರ ಎಂಜಿನಿಯರ್‌ಗಳ ಮೇಲೆ ನಡೆದ ಅಧ್ಯಯನದಲ್ಲಿ, ಟೀಮಿನ ಎಲ್ಲರೂ ಒಂದೇ ಕಟ್ಟಡದಲ್ಲಿ ಇದ್ದಾಗ ಒಬ್ಬೊಬ್ಬರ ಕೋಡಿಗೆ ಜಾಸ್ತಿ ಸಲಹೆಗಳು ಬರುತ್ತಿದ್ದವು. ಹೊಸಬರಿಗೆ ಇದರ ಲಾಭ ಹೆಚ್ಚು. ಹೇಳಿಕೊಡುವ ಹಿರಿಯರ ಸ್ವಂತ ಕೆಲಸ ಮಾತ್ರ ಕಡಿಮೆಯಾಗುತ್ತಿತ್ತು. ಅದಕ್ಕೇ ಹಿರಿಯರು ಮನೆಯಿಂದ ಕೆಲಸ ಮಾಡಲು ಇಷ್ಟಪಡುತ್ತಾರೆ ಅಂತ ನನ್ನ ಗುಮಾನಿ. ಸೇರುವ ಮೊದಲು ಎಚ್‌ಆರ್ ಅವರನ್ನು ಬಿಟ್ಟು ನಿಮ್ಮ ಮ್ಯಾನೇಜರನ್ನೇ ಕೇಳಿ: ವಾರದಲ್ಲಿ ಎಷ್ಟು ದಿನ ನೀವು ಬರುತ್ತೀರಿ? ಅವರ ಕುರ್ಚಿ ಇರುವ ಊರು ನಿಮ್ಮದು.

ಪ್ರಶ್ನೆ: ಹೋಗಬೇಕಾದ ಊರಿನ ಭಾಷೆ ಬರುವುದಿಲ್ಲ. ಅದೊಂದೇ ಕಾರಣಕ್ಕೆ ಒಳ್ಳೆ ಆಫರ್ ಬಿಡಬಹುದಾ?

ಉತ್ತರ: ಕೆಲಸದಲ್ಲಿ ದಿನವಿಡೀ ಯಾರ ಜೊತೆ ಮಾತಾಡುತ್ತೀರಿ ಅನ್ನುವುದರ ಮೇಲೆ ಇದೆ. ಕಂಪ್ಯೂಟರಿನ ಜೊತೆಗೆ ಅಂದರೆ ಬಿಡಬೇಡಿ. ಅಂಕಿ, ದಾರಿ ಕೇಳುವುದು, ಮನೆ ಮಾಲೀಕರ ಹತ್ತಿರ ನೀರು ಬರ್ತಿಲ್ಲ ಅನ್ನುವುದು, ಇಷ್ಟನ್ನು ಹೋಗುವ ಮೊದಲೇ ಕಲಿಯಿರಿ, ಉಳಿದದ್ದು ಅಲ್ಲೇ ಬರುತ್ತದೆ. ಕೆಲಸ ಆಸ್ಪತ್ರೆಯಲ್ಲೋ, ಕಟ್ಟಡ ಕಟ್ಟುವ ಜಾಗದಲ್ಲೋ, ಸೇಲ್ಸಿನಲ್ಲೋ ಅಂದರೆ ಆರು ತಿಂಗಳು ಕಷ್ಟಪಡಲು ಮನಸ್ಸಿದೆಯಾ ಅಂತ ನೋಡಿಕೊಳ್ಳಿ. ನರ್ಸಿಗೆ ರೋಗಿಯ ಮಾತು ಅರ್ಥವಾಗದಿದ್ದರೆ ಅದು ಇಬ್ಬರಿಗೂ ಅಪಾಯ. ಆಫರ್ ಕೊಟ್ಟವರನ್ನು, ಮೊದಲ ಕೆಲವು ತಿಂಗಳು ಭಾಷೆ ಬಲ್ಲವರ ಜೊತೆ ಡ್ಯೂಟಿ ಹಾಕುತ್ತೀರಾ ಅಂತ ಕೇಳಿ. ಹಾಕುತ್ತೇವೆ ಅಂದರೆ ಆ ಮಾತನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ.